ಶಾಸಕರೇ, ಒಂದು ರಾತ್ರಿ ಪಾಳಿಗೆ ಬನ್ನಿ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಕಾರ್ಮಿಕರ ಉತ್ಪಾದಕತೆ ಹೆಚ್ಚಬೇಕೆಂದು ತಾವು ಉದ್ಯಮಿಗಳ ಸಭೆಯಲ್ಲಿ ಭಾಷಣ ಮಾಡಿದ್ದನ್ನು ಪತ್ರಿಕೆಯಲ್ಲಿ ಓದಿದೆ. ಮಾಚೇನಹಳ್ಳಿ ಕಡೆಯ ಕಬ್ಬಿಣ ಎರಕದ ಫೌಂಡ್ರಿಯೊಂದರಲ್ಲಿ ಹತ್ತು ವರ್ಷಗಳಿಂದ ಮೋಲ್ಡಿಂಗ್, ಅಂದರೆ ಮರಳಿನ ಅಚ್ಚು ಕಟ್ಟುವ ಕೆಲಸ, ಮಾಡುತ್ತಿರುವ, ಇವತ್ತಿಗೂ ಗುತ್ತಿಗೆಯವನಾಗಿಯೇ ಉಳಿದಿರುವ ನನಗೆ ಇನ್ನು ಸುಮ್ಮನಿರಲು ಆಗಲಿಲ್ಲ.

ವರ್ಷದಲ್ಲಿ 240 ದಿನ ದುಡಿದರೆ ಕಾನೂನಿನಲ್ಲಿ ಅದು ನಿರಂತರ ಸೇವೆ ಎನ್ನುವ ಲೆಕ್ಕ ತಮಗೆ ಗೊತ್ತೇ ಇದೆ. ಗುತ್ತಿಗೆದಾರರಿಗೆ ಇನ್ನೂ ಚೆನ್ನಾಗಿ ಗೊತ್ತು. ಆ ದಿನಗಳು ತುಂಬುವ ಮೊದಲೇ 'ಬ್ರೇಕ್' ಕೊಡುತ್ತಾರೆ. ವಾರ ಕಳೆದ ಮೇಲೆ ಇನ್ನೊಬ್ಬ ಗುತ್ತಿಗೆದಾರನ ಹೆಸರಿನಲ್ಲಿ ಅದೇ ಗೇಟು, ಅದೇ ಕೆಲಸ. ನನ್ನ ಪಿಎಫ್ ಯಾವ ಯಾವ ಖಾತೆಯಲ್ಲಿ ಹಂಚಿಹೋಗಿದೆಯೋ ದೇವರಿಗೇ ಗೊತ್ತು.

ಮರಳನ್ನು ಮುಷ್ಟಿಯಲ್ಲಿ ಹಿಸುಕಿ, ಆ ಉಂಡೆಯನ್ನು ಮುರಿದು ತೇವ ಹೇಳುವ ಅಂದಾಜು ಕೈಗೆ ಹತ್ತಲು ವರ್ಷಗಳು ಬೇಕು. ತೇವ ಹೆಚ್ಚಾದರೆ ಆವಿ ಎದ್ದು ಎರಕದಲ್ಲಿ ತೂತು ಬೀಳುತ್ತದೆ, ಪೀಸು ರಿಜೆಕ್ಟ್. ಕಲಿತವನನ್ನು ಮನೆಗೆ ಕಳಿಸಿ ನಿನ್ನೆ ಬಂದವನನ್ನು ನಿಲ್ಲಿಸಿದರೆ ಯಾವ ಉತ್ಪಾದಕತೆ ಹೆಚ್ಚುತ್ತದೆ ಸ್ವಾಮಿ? ರಿಜೆಕ್ಟ್ ಆದದ್ದಕ್ಕೆ ದುಡ್ಡು ಮುರಿಯುವುದು ಮಾತ್ರ ನಮ್ಮ ಸಂಬಳದಲ್ಲಿ.

ಕಳೆದ ಮಳೆಗಾಲದಲ್ಲಿ ಹೊಸನಗರ ಕಡೆಯ ಹುಡುಗನೊಬ್ಬನನ್ನು ಬಂದ ವಾರದಲ್ಲೇ ಕರಗಿದ ಕಬ್ಬಿಣ ಹೊಯ್ಯುವ ಲ್ಯಾಡಲ್ ಹಿಡಿಯಲು ಹಾಕಿದರು. ಒದ್ದೆ ಅಚ್ಚಿಗೆ ಬಿದ್ದ 1,400 ಡಿಗ್ರಿಯ ಕಬ್ಬಿಣ ಸಿಡಿದು ಅವನ ಪಾದ ಸುಟ್ಟಿತು. ಕಾಲಿನಲ್ಲಿದ್ದದ್ದು ಹವಾಯಿ ಚಪ್ಪಲಿ. ಆಸ್ಪತ್ರೆಯಲ್ಲಿ ಕಾರ್ಮಿಕರ ವಿಮೆಯ ಇಎಸ್‌ಐ ಕಾರ್ಡು ತೋರಿಸಿದರೆ ಅದರಲ್ಲಿ ಬೇರೆಯವನ ಹೆಸರು! ಎಂದೋ ಕೆಲಸ ಬಿಟ್ಟುಹೋದವನ ಹೆಸರಿನಲ್ಲಿ ಇವನನ್ನು ದುಡಿಸುತ್ತಿದ್ದರು. ಹಾಜರಿ ಪುಸ್ತಕದ ಪ್ರಕಾರ ಈ ಹುಡುಗ ಆ ರಾತ್ರಿ ಅಲ್ಲಿರಲೇ ಇಲ್ಲ. ಗುತ್ತಿಗೆದಾರ ಐನೂರರ ಎರಡು ನೋಟು ಕೊಟ್ಟು ಕೈತೊಳೆದುಕೊಂಡ.

ನಾನು ಕೇಳುವುದು ಇಷ್ಟೇ. ಕಾರ್ಮಿಕ ಇಲಾಖೆಯವರನ್ನು ಕರೆದುಕೊಂಡು ರಾತ್ರಿ ಪಾಳಿಗೆ ಬನ್ನಿ. ಪುಸ್ತಕದಲ್ಲಿರುವ ಹೆಸರಿಗೂ ಕುಲುಮೆಯ ಮುಂದಿರುವ ಮುಖಕ್ಕೂ ತಾಳೆ ನೋಡಿ. ವರ್ಷವಿಡೀ ನಡೆಯುವ ಕೆಲಸಕ್ಕೆ ಗುತ್ತಿಗೆ ಏಕೆ ಎಂದು ಕೇಳಿ. ಗುತ್ತಿಗೆ ಕಾರ್ಮಿಕರ ಕಾಯ್ದೆ ಬಂದದ್ದು 1970ರಲ್ಲಿ. ಈಗ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ನಮ್ಮ ಗೇಟಿನೊಳಗೆ ಅದೂ ಬಂದಿಲ್ಲ, ಇದೂ ಬಂದಿಲ್ಲ. ತಾವಾದರೂ ಬನ್ನಿ. ಅಚ್ಚು ಕಟ್ಟುವವರನ್ನು, ಎರಕ ಹೊಯ್ಯುವವರನ್ನು ಕಾಯಂ ಮಾಡಿಸಿ, ಆಮೇಲೆ ಉತ್ಪಾದಕತೆಯ ಲೆಕ್ಕ ಕೇಳಿ.

ಬರುವ ದಿನವನ್ನು ಮಾತ್ರ ಮೊದಲೇ ತಿಳಿಸಬೇಡಿ. ತಿಳಿಸಿದರೆ ಹಾಜರಿ ಪುಸ್ತಕವೂ ನೆಟ್ಟಗಿರುತ್ತದೆ, ಹುಡುಗರ ಕಾಲಿಗೆ ಬೂಟೂ ಬಂದಿರುತ್ತದೆ.

ಇಂತಿ,
ಒಬ್ಬ ಗುತ್ತಿಗೆ ಕಾರ್ಮಿಕ, ಶಿವಮೊಗ್ಗ