ಮರಗಳ ಲೆಕ್ಕಕ್ಕೆ ಸಿಗದ ಗಿಡಗಳು: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಸಚಿವರಿಗೆ,

ಸನ್ಮಾನ್ಯರೇ,

ಸಂಡೂರಿನ ದೇವದಾರಿ ಬೆಟ್ಟದಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆಗಾಗಿ ಸುಮಾರು 401 ಹೆಕ್ಟೇರ್ ಅರಣ್ಯ ಭೂಮಿಯನ್ನು ಹಸ್ತಾಂತರಿಸಬಾರದೆಂದು 2024ರ ಜೂನ್‌ನಲ್ಲಿ ಇಲಾಖೆಗೆ ಸೂಚನೆ ಹೋದಾಗ, ಬೆಂಗಳೂರಿನಲ್ಲಿ ಕುಳಿತು ಆ ಸುದ್ದಿ ಓದಿದ ನನ್ನಂಥ ಅನೇಕರಿಗೆ ಸಮಾಧಾನವಾಗಿತ್ತು. ಆ ಚರ್ಚೆಯ ಉದ್ದಕ್ಕೂ ಎಲ್ಲರ ಬಾಯಲ್ಲಿದ್ದದ್ದು ಒಂದೇ ಸಂಖ್ಯೆ: ಕಡಿಯಬೇಕಾಗಿ ಬರುವ 99 ಸಾವಿರಕ್ಕೂ ಹೆಚ್ಚು ಮರಗಳು. ಅದನ್ನು ಎತ್ತಿ ಹೇಳಿದ್ದು ಸರಿಯೇ. ಆದರೆ ಮೊಣಕಾಲೆತ್ತರಕ್ಕೂ ಬೆಳೆಯದ, ವರ್ಷದಲ್ಲಿ ಕೆಲವೇ ತಿಂಗಳು ನೆಲದ ಮೇಲೆ ಕಾಣಿಸಿಕೊಳ್ಳುವ ಗಿಡಗಳು ಮರಗಳ ಎಣಿಕೆಯೊಳಗೆ ಬರುವುದಿಲ್ಲ. ಈ ಪತ್ರ ಅವುಗಳ ಪರವಾಗಿ.

ಗಣಿ ಯೋಜನೆಗಳ ಪರಿಸರ ಪರಿಣಾಮ ಅಧ್ಯಯನಕ್ಕೆ ಕೇಂದ್ರ ಪರಿಸರ ಸಚಿವಾಲಯ ರೂಪಿಸಿದ ಮಾದರಿ ಷರತ್ತುಗಳಲ್ಲಿ, ಗಾಳಿ, ನೀರು, ಶಬ್ದ, ಮಣ್ಣುಗಳ ಜೊತೆಗೆ ಸಸ್ಯ ಮತ್ತು ಪ್ರಾಣಿಗಳ ಮೂಲ ಮಾಹಿತಿಯನ್ನೂ ಮಳೆಗಾಲವಲ್ಲದ ಒಂದು ಋತುವಿನಲ್ಲಿ ಸಂಗ್ರಹಿಸಬೇಕೆಂದಿದೆ. ದೂಳನ್ನು ಅಳೆಯುವುದಕ್ಕೆ ಇದು ಸರಿಯಾದ ಕ್ರಮ, ಏಕೆಂದರೆ ಮಳೆ ಬಿದ್ದರೆ ದೂಳು ಅಡಗುತ್ತದೆ. ಗಿಡಗಳ ವಿಷಯದಲ್ಲಿ ಮಾತ್ರ ಇದೇ ನಿಯಮ ತಿರುಗುಮುರುಗಾಗಿ ಕೆಲಸ ಮಾಡುತ್ತದೆ. ನಮ್ಮ ಬಯಲುಸೀಮೆಯ ಎಷ್ಟೋ ಸಸ್ಯಗಳು ಬೇಸಿಗೆಯನ್ನು ಗೆಡ್ಡೆಯಾಗಿಯೋ ಬೀಜವಾಗಿಯೋ ಮಣ್ಣೊಳಗೇ ಕಳೆದು, ಮಳೆ ಬಂದ ಮೇಲೆ ಚಿಗುರಿ, ಹೂಬಿಟ್ಟು, ಮತ್ತೆ ಮರೆಯಾಗುತ್ತವೆ.

ಇದನ್ನು ನಾನು ಕಣ್ಣಾರೆ ಕಂಡದ್ದು ನಮ್ಮ ಹತ್ತಿರದ ಸಾವನದುರ್ಗದಲ್ಲಿ. ಮಾರ್ಚ್ ತಿಂಗಳಲ್ಲಿ ಹಾಸುಬಂಡೆಯ ತಗ್ಗಿನಲ್ಲಿ ಒಡೆದ ಕಪ್ಪು ಮಣ್ಣಿನ ಹಕ್ಕಳೆಯ ಹೊರತು ಏನೂ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಅದೇ ತಗ್ಗಿನ ಬಳಿ ಮಂಡಿಯೂರಿ ನೋಡಿದರೆ, ಕೀಟಗಳನ್ನು ಹಿಡಿದು ತಿನ್ನುವ, ನಾಲ್ಕಾಣೆ ನಾಣ್ಯದಷ್ಟಗಲದ ಕೆಂಪು ಡ್ರಾಸೆರಾ ಗಿಡಗಳು ಒತ್ತೊತ್ತಾಗಿ ಹರಡಿದ್ದವು. ಎಲೆಯ ಪ್ರತಿ ಕೂದಲ ತುದಿಯಲ್ಲೂ ಅಂಟಿನ ಹನಿ, ಒಂದೆರಡರಲ್ಲಿ ಸಿಕ್ಕಿಬಿದ್ದ ಸಣ್ಣ ನೊಣ. ಮಾರ್ಚಿನಲ್ಲಿ ಬಂದು ಹೋದವರು ಆ ಜಾಗವನ್ನು ಬರಡು ಬಂಡೆ ಎಂದು ಪ್ರಾಮಾಣಿಕವಾಗಿಯೇ ಬರೆದಿರುತ್ತಿದ್ದರು.

ಡ್ರಾಸೆರಾ ಹಲವೆಡೆ ಸಿಗುವ ಗಿಡ. ಸೆರೋಪೀಜಿಯಾ ಕುಲದ ಬಳ್ಳಿಗಳ ಸ್ಥಿತಿ ಹಾಗಿಲ್ಲ. ಇವುಗಳಲ್ಲಿ ಅನೇಕ ಪ್ರಭೇದಗಳು ಭಾರತದಲ್ಲಲ್ಲದೆ ಬೇರೆಲ್ಲೂ ಇಲ್ಲ, ಹಲವು ಅಳಿವಿನಂಚಿನಲ್ಲಿವೆ. ಬುಡದಲ್ಲಿ ಗೆಡ್ಡೆ, ಮೇಲೆ ಪೊದೆಗಳ ನಡುವೆ ನುಸುಳುವ ದಾರದಂಥ ಕಾಂಡ. ಹೂವು ಸಣ್ಣ ನೊಣವನ್ನು ಕೊಳವೆಯೊಳಗೆ ಹಿಡಿದಿಟ್ಟುಕೊಂಡು, ಒಳಗಿನ ಕೂದಲು ಬಾಡಿದ ಮೇಲೆ ಪರಾಗ ಹೊರಿಸಿ ಬಿಟ್ಟುಬಿಡುತ್ತದೆ. ಹೂವಿಲ್ಲದಾಗ ಇದನ್ನು ಗುರುತಿಸುವುದು ಪಳಗಿದವರಿಗೂ ಕಷ್ಟ. ಇನ್ನು ಸಂಡೂರಿನ ಬೆಟ್ಟಗಳಲ್ಲೂ ಇರುವ ನೀಲಕುರಿಂಜಿ ಅರಳುವುದೇ 12 ವರ್ಷಕ್ಕೊಮ್ಮೆ.

ಆದ್ದರಿಂದ "ಅಪರೂಪದ ಗಿಡ ಕಂಡುಬಂದಿಲ್ಲ" ಎಂಬ ವಾಕ್ಯಕ್ಕೆ ವರದಿಯಲ್ಲಿ ಎಷ್ಟು ಬೆಲೆ ಕೊಡಬೇಕೆಂಬುದನ್ನು ತಾವು ಯೋಚಿಸಬೇಕೆಂದು ಕೋರುತ್ತೇನೆ. ಕಾಣಲಿಲ್ಲ ಎಂಬುದು ಒಂದು ಮಾತು, ಅಲ್ಲಿ ಬೆಳೆಯಲಾರದು ಎಂಬುದು ಬೇರೆಯೇ ಮಾತು. ಎರಡನೆಯದನ್ನು ಹೇಳಬೇಕಾದರೆ ಮೊದಲು ಆ ಸೀಮೆಯಿಂದ ಹಿಂದೆ ತಂದು ಒಣಗಿಸಿಟ್ಟ ಗಿಡಗಳ ಮಾದರಿಗಳನ್ನು ನೋಡಬೇಕು. ಅದಕ್ಕೆ ದೂರ ಹೋಗಬೇಕಿಲ್ಲ, ಇದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಸ್ಯ ಮಾದರಿಗಳ ದೊಡ್ಡ ಸಂಗ್ರಹವಿದೆ. ಹುಡುಕುತ್ತಿರುವ ಗಿಡ ಹಿಂದೆ ಸಿಕ್ಕ ಜಾಗದ ಮಣ್ಣು, ಎತ್ತರ, ಇಳಿಜಾರು, ನೆರಳು ಗಣಿ ಜಾಗದಲ್ಲೂ ಇವೆಯೇ ಎಂದು ಹೋಲಿಸಬೇಕು. ಇದ್ದರೆ, ಮಳೆಗಾಲದಲ್ಲಿ ಒಮ್ಮೆಯಲ್ಲ, ಮೂರು ನಾಲ್ಕು ಬಾರಿ ಅಲ್ಲಿ ನಡೆದು ಹುಡುಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಗಿಡ ಇದೆಯೆಂದು ಖಚಿತವಾಗಿ ಗೊತ್ತಿರುವ ಇನ್ನೊಂದು ಜಾಗಕ್ಕೆ ಅದೇ ವಾರ ಹೋಗಿ ಅಲ್ಲಿ ಹೂಬಿಟ್ಟಿದೆಯೇ ಎಂದು ನೋಡಿಕೊಳ್ಳಬೇಕು. ಅಲ್ಲಿಯೂ ಚಿಗುರಿರದಿದ್ದರೆ ಆ ವರ್ಷದ ಹುಡುಕಾಟ ಲೆಕ್ಕಕ್ಕಿಲ್ಲ. ಬೆಟ್ಟದಲ್ಲಿ ದಿನವೂ ಕುರಿ ಮೇಯಿಸುವವರನ್ನು ಕೇಳುವುದಂತೂ ಮೊದಲ ದಿನವೇ ಆಗಬೇಕಾದ ಕೆಲಸ.

ಗಿಡ ಸಿಕ್ಕರೆ ಕಿತ್ತು ಬೇರೆಡೆ ನೆಡುತ್ತೇವೆಂಬ ಭರವಸೆ ನನಗೆ ಒಪ್ಪಿಗೆಯಾಗುವುದಿಲ್ಲ. ಗೆಡ್ಡೆಯನ್ನು ಕುಂಡದಲ್ಲಿಟ್ಟು ಒಯ್ಯಬಹುದು, ಆದರೆ ಅದರ ಹೂವಿಗೆ ಬರುವ ನೊಣವನ್ನೂ ಅದು ಬೇರೂರಿದ್ದ ನೆಲವನ್ನೂ ಜೊತೆಗೆ ಒಯ್ಯಲಾಗದು.

ಅರಣ್ಯ ಭೂಮಿ ಕೇಳುವ ಪ್ರಸ್ತಾವಗಳು ಕೇಂದ್ರಕ್ಕೆ ಹೋಗುವ ಮೊದಲು ತಮ್ಮ ಇಲಾಖೆಯ ಸ್ಥಳ ಪರಿಶೀಲನೆಗೆ ಬರುತ್ತವೆ. ಆ ಹಂತದಲ್ಲಿ ಗಣಿ ಪ್ರಸ್ತಾವಗಳೆಲ್ಲಕ್ಕೂ ಒಂದು ಪೂರ್ಣ ಮುಂಗಾರಿನ ಸಸ್ಯ ಸಮೀಕ್ಷೆ ಕಡ್ಡಾಯವೆಂದು, ಅದರಲ್ಲಿ ನಡೆದ ದಾರಿ, ದಿನಾಂಕ ಮತ್ತು ಹೋಲಿಕೆಗೆ ನೋಡಿದ ಜಾಗವನ್ನು ನಮೂದಿಸಬೇಕೆಂದು ತಾವು ಸುತ್ತೋಲೆ ಹೊರಡಿಸಬೇಕು. ಆ ವರದಿ ಸಾರ್ವಜನಿಕ ಆಲಿಕೆಗೆ ಮೊದಲೇ ಕನ್ನಡದಲ್ಲಿ ಆಯಾ ಗ್ರಾಮ ಪಂಚಾಯಿತಿಗೆ ತಲುಪಬೇಕು. ಮುಂದಿನ ಜೂನ್‌ಗೆ ಮೊದಲು ಈ ಆದೇಶ ಹೊರಬಿದ್ದರೆ, ಒಂದು ಮಳೆಗಾಲ ವ್ಯರ್ಥವಾಗುವುದು ತಪ್ಪುತ್ತದೆ.

ಗೌರವಪೂರ್ವಕ ವಂದನೆಗಳೊಂದಿಗೆ,
ಬೆಂಗಳೂರಿನ ಒಬ್ಬ ನಾಗರಿಕ