ಕೆಡಹುವ ಮುನ್ನ ಒಂದು ಚಿತ್ರ ಇರಲಿ

ಮಾನ್ಯರೇ,

ಕಾರವಾರದ ಹಳೆಯ ಹೆಂಚಿನ ಮನೆ, ಅಂಗಡಿಗಳು ಒಂದೊಂದಾಗಿ ನೆಲಸಮವಾಗುತ್ತಿದ್ದರೂ ಅವನ್ನು ಚಿತ್ರಗಳಲ್ಲಿ ದಾಖಲಿಸಿಕೊಳ್ಳುವ ಕಾಳಜಿ ಕಾಣುತ್ತಿಲ್ಲ.

ಹಳೆಯ ಫಿಲ್ಮ್ ಕ್ಯಾಮೆರಾ ಹಿಡಿದು ಓಣಿಗಳಲ್ಲಿ ತಿರುಗುವುದು ನನ್ನ ಹವ್ಯಾಸ. ಒಂದು ರೋಲಿಗೆ 36 ಚಿತ್ರ ಮಾತ್ರ. ಕ್ಲಿಕ್ಕಿಸುವ ಮುನ್ನ ನಿಂತು ನೋಡಲೇಬೇಕು. ಹಾಗೆ ನಿಂತಾಗ ಕಂಡದ್ದು ಗಾರೆ ಉದುರಿ ಹೊರಬಿದ್ದ ಕೆಂಪು ಚಿರೆಕಲ್ಲು, ಅದರ ತೂತುಗಳಲ್ಲಿ ಮಳೆಗಾಲದ ಪಾಚಿ, ಉಪ್ಪುಗಾಳಿಗೆ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿರುವ ಕಿಟಕಿಯ ಸರಳು, ಬಾಗಿಲಿನ ನೀಲಿ ಬಣ್ಣದ ಅಡಿಯಿಂದ ಇಣುಕುವ ಇನ್ನೂ ಹಳೆಯ ಹಸಿರು. ಎಷ್ಟು ಚೆಂದ! ಆ ಬಾಗಿಲು ಈಗ ನನ್ನ ನೆಗೆಟಿವ್‌ನಲ್ಲಿ ಮಾತ್ರ ಉಳಿದಿದೆ.

2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆಯ ಸೇತುವೆ ರಾತ್ರಿ ಕುಸಿದುಬಿದ್ದಾಗ, ಅದನ್ನು ಎಷ್ಟೋ ಸಲ ದಾಟಿದ್ದ ನನ್ನ ಬಳಿ ಅದರ ಒಂದು ಒಳ್ಳೆಯ ಚಿತ್ರವೂ ಇರಲಿಲ್ಲ. ಆ ಕೊರಗು ಇಂದಿಗೂ ಇದೆ.

ಅಪಾಯದ ಅಂಚಿನಲ್ಲಿರುವ ಕಟ್ಟಡಗಳನ್ನು ಉಳಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಜೀವಕ್ಕಿಂತ ಗೋಡೆ ದೊಡ್ಡದಲ್ಲ. ಆದರೆ ಕೆಡಹುವ ಮುನ್ನ ನಗರಸಭೆಯು ಸ್ಥಳೀಯ ಛಾಯಾಗ್ರಾಹಕರಿಂದ ಚಿತ್ರ ತೆಗೆಸಿ, ಪ್ರತಿಗಳನ್ನು ಜಿಲ್ಲಾ ಗ್ರಂಥಾಲಯದಲ್ಲಿ ಇರಿಸಲಿ. ಹಳೆಯ ಸ್ಟುಡಿಯೊಗಳಲ್ಲಿ ಉಳಿದಿರಬಹುದಾದ ಊರಿನ ನೆಗೆಟಿವ್‌ಗಳನ್ನೂ ಕೇಳಿ ಪಡೆದು, ಕರಾವಳಿಯ ತೇವಕ್ಕೆ ಬೂಷ್ಟು ಹಿಡಿಯುವ ಮೊದಲೇ ಸ್ಕ್ಯಾನ್ ಮಾಡಿಸಲಿ.

— ಓದುಗ, ಕಾರವಾರ