ಮಕ್ಕಳ ಹಬ್ಬ ಮುಗಿಯಿತು, ದೊಡ್ಡವ್ವನಿಗೆ ಶರಣು

ನಮ್ಮ ಶಾಲೆಯ ಮಕ್ಕಳ ಹಬ್ಬ ಶನಿವಾರ ಮುಗಿಯಿತು. ವಾರವಿಡೀ ಊರೇ ಶಾಲೆಯ ಅಂಗಳದಲ್ಲಿತ್ತು. ಕೈಜೋಡಿಸಿದ ಎಲ್ಲರಿಗೂ ಫೋನ್ ಮಾಡಿ ಹೇಳೋದು ಆಗುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರು, ಪುಣೆ, ಗೋವಾದಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು "ಏನೇನ್ ಆತ್ರಿ ಟೀಚರ್" ಅಂತ ಕೇಳುತ್ತಲೇ ಇದ್ದಾರೆ. ಬಹಳ ಆಯಿತು ಕಣ್ರಪ್ಪಾ. ಕಿನ್ನಾಳದಿಂದ ಗೊಂಬೆ ಮಾಡುವ ಹಿರಿಯರೊಬ್ಬರು ಬಂದಿದ್ದರು. ಹುಣಸೆ ಬೀಜ ನೆನೆಸಿ, ಅರೆದು, ಅಂಟು ಮಾಡಿ, ಹಗುರ ಮರದ ಗೊಂಬೆಯ ಕೈಕಾಲು ಹೇಗೆ ಕೂಡಿಸಬೇಕು ಅಂತ ತೋರಿಸಿದರು. ಏಳನೇ ತರಗತಿಯ ಹುಡುಗರು ಆಟದ ಪೀರಿಯಡ್ ಬಿಟ್ಟು ಕೂತಿದ್ದನ್ನು ನಾನು ಅವತ್ತೇ ನೋಡಿದ್ದು. ಮರುದಿನ ತೊಗಲು ಗೊಂಬೆ. ನಮ್ಮದೇ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ತೊಂಬತ್ತು ದಾಟಿದ ಆ ಅಜ್ಜಿಯ ಫೋಟೋ ತೋರಿಸಿ ಕಥೆ ಹೇಳಿದೆವು. ಮಕ್ಕಳು ರಟ್ಟಿನಲ್ಲಿ ಗೊಂಬೆ ಕತ್ತರಿಸಿ, ಹಳೆಯ ಧೋತರದ ಪರದೆ ಕಟ್ಟಿ, ಹಿಂದೆ ಬಲ್ಬ್ ಹಚ್ಚಿ ಆಡಿಸಿದರು. ಹನುಮಂತನ ಬಾಲ ಪರದೆಗಿಂತ ಉದ್ದ ಇತ್ತು!

ಬುಧವಾರ ಹಿರೇಬೆಣಕಲ್ ಗುಡ್ಡ. ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಗೋರಿಗಳು ನಮ್ಮ ಜಿಲ್ಲೆಯಲ್ಲೇ ಇವೆ, ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ 2021ರಲ್ಲಿ ಸೇರಿವೆ. ಆದರೂ ನಮ್ಮ ಮಕ್ಕಳಲ್ಲಿ ಒಬ್ಬರೂ ನೋಡಿರಲಿಲ್ಲ. ನಾಲ್ಕು ಕಡೆ ಬಂಡೆ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಆ ಪುಟ್ಟ ಮನೆಗಳನ್ನು ನೋಡಿ ಒಂದು ಹುಡುಗಿ "ಕ್ರೇನ್ ಇಲ್ಲದ ಹೆಂಗ ಎತ್ತಿದ್ರು ಟೀಚರ್" ಅಂದಳು. ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಆ ಪ್ರಶ್ನೆ.

ಆ ರಾತ್ರಿ ಏನಾಯಿತು ಅಂತ ಊರಿಗೆಲ್ಲ ಗೊತ್ತು, ಮತ್ತೆ ಬರೆಯೋದಿಲ್ಲ. ಪ್ರಶ್ನೆ ಕೇಳಿದ ಹುಡುಗಿಯೇ ಕೊಪ್ಪಳದ ಆಸ್ಪತ್ರೆಯಲ್ಲಿದ್ದಳು ಅಂದರೆ ಸಾಕು. ಅವಳ ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ಮನೆಯಲ್ಲಿರೋದು ಕಣ್ಣು ಕಾಣದ ಅಜ್ಜಿ ಒಬ್ಬರೇ.

ಆಗ ಬಂದವಳು ನಮ್ಮ ಬಿಸಿಯೂಟದ ಅಕ್ಕ. ಮಕ್ಕಳೆಲ್ಲ ದೊಡ್ಡವ್ವ ಅಂತಾರೆ, ನಾವೂ ಹಾಗೇ ಕರೀತೀವಿ. ಹೆಸರು ಬರೀಬೇಡ ಅಂದಿದ್ದಾಳೆ, ಬರೆಯಲ್ಲ. ಅವತ್ತು ಬೆಳಗಿನ ಜಾವವೇ ಎದ್ದು ಪ್ರವಾಸಕ್ಕೆ ಬುತ್ತಿ ಕಟ್ಟಿದವಳು. ಸುದ್ದಿ ಕೇಳಿದ್ದೇ ತಡ, ಉಟ್ಟ ಸೀರೆಯಲ್ಲೇ ಯಾರದೋ ಬೈಕ್ ಹತ್ತಿ ಬಂದಳು. ಬಂದು ಏನೂ ಕೇಳಲಿಲ್ಲ. ಸೀದಾ ಹೋಗಿ ಹುಡುಗಿಯ ತಲೆಯ ಹತ್ತಿರ ಕೂತಳು.

ನಾನು ಹೊರಗೆ ಗೋಡೆಗೆ ಒರಗಿ ನಿಂತಿದ್ದೆ. ಕೈ ನಡುಗುತ್ತಿತ್ತು. ಈ ಮಗುವಿಗೆ ಏನಾದರೂ ಆದರೆ ನಾನು ಮತ್ತೆ ಆ ಶಾಲೆಯ ಗೇಟು ಹೇಗೆ ದಾಟಲಿ ಅನ್ನೋದು ಬಿಟ್ಟು ಬೇರೆ ಯೋಚನೆ ಬರಲಿಲ್ಲ. ದೇವರಿಗೆ ಏನೇನು ಹರಕೆ ಹೊತ್ತೆ ಅಂತ ನನಗೇ ನೆನಪಿಲ್ಲ. ಅಷ್ಟರಲ್ಲಿ ಅವಳ ತಾಯಿಯ ಫೋನ್. ಅಳುತ್ತಾ "ಆಕಿ ಕೂಡ ಯಾರದಾರ್ರೀ" ಅಂತ ಒಂದೇ ಮಾತು. "ದೊಡ್ಡವ್ವ ಅದಾಳವ್ವಾ" ಅಂದೆ. ಅಳು ನಿಂತಿತು. "ದೊಡ್ಡವ್ವ ಅದಾಳ? ಹಂಗಾರ ನಾ ಬರ್ತೀನ್ರಿ" ಅಂದು ಹಂಪಿ ಎಕ್ಸ್‌ಪ್ರೆಸ್ ಹತ್ತಿದಳು.

ಈ ಬಿಸಿಯೂಟದ ಯೋಜನೆ, ಅಕ್ಷರ ದಾಸೋಹ, 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಕೊಪ್ಪಳವೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ. ಆಗಿನಿಂದ ಈ ಅಕ್ಕ ಇಲ್ಲೇ ಅಡುಗೆ ಮಾಡುತ್ತಿದ್ದಾಳೆ. ಫೋನಿನಲ್ಲಿ ಅಳುತ್ತಿದ್ದ ಆ ತಾಯಿ ಆಗ ಇದೇ ಶಾಲೆಯಲ್ಲಿ ಐದನೇ ತರಗತಿ, ಇದೇ ಕೈಯ ಅನ್ನ ಸಾರು ಉಂಡವಳು. ಇವತ್ತು ಅವಳ ಮಗಳೂ ಅದನ್ನೇ ಉಣ್ಣುತ್ತಿದ್ದಾಳೆ. ಇಷ್ಟು ವರ್ಷ ಕೊಟ್ಟ ಗೌರವಧನಕ್ಕೆ ಈ ನಂಬಿಕೆಯ ಲೆಕ್ಕ ಎಲ್ಲಿ ಬರುತ್ತೆ ಹೇಳಿ?

ನಡುರಾತ್ರಿ ದಾಟಿದ ಮೇಲೆ ದೊಡ್ಡವ್ವ ಹೊರಗೆ ಬಂದು ನನಗೆ ಹೇಳಿದಳು: "ಟೀಚರ್, ನೀವು ಊರಿಗೆ ಹೋಗ್ರಿ. ನಾಳೆ ಮಕ್ಕಳು ಕಾಯ್ತಾವ. ಈಕಿನ್ನ ನಾ ನೋಡ್ಕೋತೀನಿ." ಹಬ್ಬ ಅಲ್ಲಿಗೇ ನಿಲ್ಲಿಸೋಣ ಅಂತ ನಾನು ತೀರ್ಮಾನಿಸಿಬಿಟ್ಟಿದ್ದೆ. ಅವಳು ಕೇಳಲಿಲ್ಲ. "ನಿಲ್ಲಿಸಿದ್ರ ಈ ಕೂಸು ತನ್ನಿಂದ ನಿಂತ್ತು ಅಂತ ಕೊರಗ್ತದ" ಅಂದಳು. ನನಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಬೆಳಿಗ್ಗೆ ಅಪ್ಪ ಅಮ್ಮ ಕೊಪ್ಪಳದಲ್ಲಿ ಇಳಿದು ಬರುವವರೆಗೂ ಆ ಮಂಚದ ಹತ್ತಿರದಿಂದ ಅವಳು ಏಳಲಿಲ್ಲ. ಆಮೇಲೆ ಬಸ್ಸು ಹಿಡಿದು ಬಂದು ಮಧ್ಯಾಹ್ನದ ಒಲೆ ಹಚ್ಚಿದಳು. ಅವತ್ತು ಉಪ್ಪಿಟ್ಟು ಮಾಡಿ ಸಾಕು ಅಂದರೆ ಬಿಸಿಬೇಳೆ ಮಾಡಿದಳು.

ಹುಡುಗಿ ಈಗ ಆರಾಮಾಗಿದ್ದಾಳೆ. ಶನಿವಾರ ಅಪ್ಪನ ತೊಡೆಯ ಮೇಲೆ ಕೂತು ಗೊಂಬೆಯಾಟ ನೋಡಿದಳು, ದನಿ ಸಣ್ಣದಿದ್ದರೂ ಹನುಮಂತನ ಮಾತು ಅವಳೇ ಹೇಳಿದಳು.

ಬಸ್ಸು ಕೊಡಿಸಿದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೆ, ಶಾಮಿಯಾನ ಹಾಕಿದ ಯುವಕ ಸಂಘದವರಿಗೆ, ಆ ರಾತ್ರಿ ಗಾಡಿ ಓಡಿಸಿದ ಹಳೆಯ ವಿದ್ಯಾರ್ಥಿಗೆ, ಪಾಳಿಯ ಮೇಲೆ ದುಡಿದ ನನ್ನ ಸಹೋದ್ಯೋಗಿಗಳಿಗೆ, ಆಸ್ಪತ್ರೆಯ ಸಿಸ್ಟರ್‌ಗಳಿಗೆ ಕೈಮುಗಿದು ಧನ್ಯವಾದ. ಕೊನೆಯ ದಿನ ಮನೆಮನೆಯಿಂದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಾದಲಿ ತಂದ ತಾಯಂದಿರಿಗೂ. ಗವಿಮಠದ ಜಾತ್ರೆಗೆ ಗಾಡಿ ತುಂಬಾ ರೊಟ್ಟಿ ಕಳಿಸುವ ಊರು ನಮ್ಮದು, ಶಾಲೆಗೂ ಹಾಗೇ ಕಳಿಸಿತು.

ದೊಡ್ಡವ್ವನಿಗೆ ಶಾಲು ಹೊದಿಸೋಣ ಅಂತ ಹಲವರು ಕೇಳಿದ್ದೀರಿ. ಅವಳನ್ನೇ ಕೇಳಿದೆ. ಶಾಲು ಬ್ಯಾಡ, ಅಡುಗೆಮನೆಗೆ ಇನ್ನೊಂದು ದೊಡ್ಡ ಕುಕ್ಕರು ಬೇಕು, ಇರೋದರ ಸೀಟಿ ಸರಿಯಾಗಿ ಕೂಡ್ರೋದಿಲ್ಲ ಅಂದಳು. ಕೊಡಿಸಬೇಕು ಅನ್ನಿಸಿದವರು ಶಾಲೆಗೆ ಬಂದು ಎಸ್‌ಡಿಎಂಸಿಯವರ ಹತ್ತಿರ ಮಾತಾಡಿ. ಮಕ್ಕಳ ಗೊಂಬೆಗಳು ಈ ತಿಂಗಳು ಪೂರ್ತಿ ನಲಿ-ಕಲಿ ಕೋಣೆಯಲ್ಲಿ ಇರುತ್ತವೆ, ನೋಡಿಕೊಂಡು ಹೋಗಿ. ಹಾಗೇ ರೊಟ್ಟಿಯ ಬುಟ್ಟಿಗಳು ಇನ್ನೂ ಬಹಳ ಉಳಿದಿವೆ, ನಿಮ್ಮ ನಿಮ್ಮದು ತೊಗೊಂಡು ಹೋಗಿ.